ಅತ್ತೆಗೆ ‘ಶ್‌ಶ್’ ಅಂದದ್ದು ಯಾರು?

ಹೆಂಡತಿ: ಬಿಚ್ಚಿ ಭಾವ ಅದನ್ನ. ಈಗಲೇ ಬಿಚ್ಚಿ.

ಗಂಡ: ಬಿಚ್ಚಬೇಡಿ ಅಣ್ಣ.

ಹೆಂಡತಿ: ನೀವು ಸುಮ್ನಿರಿ.

ಗಂಡ: ನಾನು ಸುಮ್ನಿಲ್ಲದೇ ಇದ್ದ ಒಂದು ದಿನ ಹೇಳು ನೋಡೋಣ.

ಷಡ್ಡಕ: ಮೊದಲು ನೀವಿಬ್ಬರೂ ಒಂದು ಮಾತಿಗೆ ಬನ್ನಿ. ಒಬ್ಬರು ಎಡಕ್ಕೆ ತಿರುಗಿಸು ಅಂತೀರಿ, ಒಬ್ಬರು ಬಲಕ್ಕೆ ಅಂತೀರಿ. ಮಧ್ಯದಲ್ಲಿ ಸವೆಯೋದು ನನ್ನ ನಟ್ಟು.

ಗ್ಯಾರೇಜಿನ ನಡುಮಧ್ಯೆ ಎರಡು ಕಂಬಗಳ ಲಿಫ್ಟು. ಅದರ ಮೇಲೆ, ಆಳೆತ್ತರಕ್ಕೂ ಮಿಗಿಲಾಗಿ, ಆ ದಂಪತಿಯ ಕಾರು ಹೊಟ್ಟೆ ತೋರಿಸಿಕೊಂಡು ನಿಂತಿತ್ತು. ಅದರಡಿಯಲ್ಲಿ ಕತ್ತೆತ್ತಿಕೊಂಡು ಈ ಮೂವರು. ಮೆಕ್ಯಾನಿಕ್ ಹೊರಗಿನವನೇನಲ್ಲ. ಹೆಂಡತಿಯ ಅಕ್ಕನ ಗಂಡ, ಅಂದರೆ ನಮ್ಮ ಗಂಡನಿಗೆ ಷಡ್ಡಕ. ಗ್ಯಾರೇಜಿನ ಹಿಂದೆಯೇ ಅವನ ಮನೆ. ತಾನು ಕೈಯಿಟ್ಟ ಯಾವುದಾದರೂ ಗಾಡಿ ಬೀದಿಯಲ್ಲಿ ಹೋದರೆ ಕಣ್ಣು ಮುಚ್ಚಿ, ತಲೆದೂಗಿ, ಸಂಗೀತ ಕೇಳಿದವನ ಹಾಗೆ ನಿಂತುಬಿಡುವ ಆಸಾಮಿ.

ಗಂಡನದು ಊರಿನ ದೊಡ್ಡ ಲೈಬ್ರರಿಯಲ್ಲಿ ಕೆಲಸ. ಮಾತಾಡುವವರನ್ನು ಸುಮ್ಮನಾಗಿಸುವುದೇ ಅರ್ಧ ಕೆಲಸ. ತುಟಿಯ ಮೇಲೆ ಬೆರಳಿಟ್ಟು ಅವನೊಮ್ಮೆ ‘ಶ್‌ಶ್’ ಎಂದನೆಂದರೆ, ಕೊನೆಯ ಸಾಲಿನಲ್ಲಿ ಕೂತು ಪತ್ರಿಕೆ ಮಗುಚುತ್ತಿದ್ದವನೂ ಹಾಳೆಯನ್ನು ಗಾಳಿಯಲ್ಲೇ ಹಿಡಿದು ನಿಲ್ಲುತ್ತಿದ್ದ. ಅಂಥ ಹೆಸರುವಾಸಿ ‘ಶ್‌ಶ್’. ಈಗ ಅವನ ಕುತ್ತಿಗೆಗೆ ಬಂದಿದ್ದೂ ಅದೇ.

ಹೆಂಡತಿ: ಭಾನುವಾರ ಏನಾಯ್ತು ಅಂತ ಭಾವನಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?

ಗಂಡ: ನಾನೇ ಹೇ—

ಹೆಂಡತಿ: ಬೇಡ, ನಾನೇ ಹೇಳ್ತೀನಿ. ಅಮ್ಮ ಹಿಂದಿನ ಸೀಟಲ್ಲಿ ಕೂತಿದ್ರು. ಪಕ್ಕದ ಮನೆಯವಳ ನಾದಿನಿಗೆ ಮೊಣಕಾಲು ಆಪರೇಷನ್ ಆಯ್ತಲ್ಲ, ಆ ಕಥೆ ತೆಗೆದ್ರು. ‘ಡಾಕ್ಟ್ರು ಕತ್ತರಿಸಿದ್ರಂತೆ ಕಣೇ’ ಅಂದ್ರು. ಸಿಗ್ನಲ್ ಬಂತು. ಮುಂದಿನಿಂದ ‘ಶ್‌ಶ್’!

ಗಂಡ: ನಾನಲ್ಲ. ಕಾರು.

ಹೆಂಡತಿ: ಅಮ್ಮ ಪಾಪ, ಸಾವರಿಸ್ಕೊಂಡು ‘ಕತ್ತರಿಸಿ ಒಳಗೆ ನೋಡ್ತಾರೆ’ ಅಂದ್ರು. ರಸ್ತೆ ಉಬ್ಬು ಬಂತು. ‘ಶ್‌ಶ್’!

ಗಂಡ: ಉಬ್ಬು ಬಂದ್ರೆ ಆಕ್ಸಿಲರೇಟರಿಂದ ಕಾಲು ತೆಗೀಲೇಬೇಕಲ್ಲೇ.

ಹೆಂಡತಿ: ‘ಒಳಗೆ ನೋಡಿದ್ರೆ’ ಅಂತ ಮೂರನೇ ಸಲ ಬಾಯಿ ತೆಗೆದ್ರು ಭಾವ. ಅದೆಲ್ಲಿಂದಲೋ ಒಂದು ನಾಯಿ ಅಡ್ಡ ಬಂತು. ‘ಶ್‌ಶ್‌ಶ್‌ಶ್!’ ಅವತ್ತು ಮುಚ್ಚಿದ ಬಾಯಿ, ಅಮ್ಮ ಇವತ್ತಿನವರೆಗೂ ತೆಗೆದಿಲ್ಲ. ಏನಾದ್ರೂ ಕೇಳಿದ್ರೆ ತುಟಿ ಮೇಲೆ ಬೆರಳಿಟ್ಕೊಂಡು ಇವರ ಕಡೆ ಕಣ್ಣು ತೋರಿಸ್ತಾರೆ.

ಷಡ್ಡಕ: ಅತ್ತೆ? ಮಾತಾಡ್ತಿಲ್ವಾ? ಅಷ್ಟು ದಿನದಿಂದ?

ಹೆಂಡತಿ: ಹ್ಞೂಂ.

ಷಡ್ಡಕ: (ಗಂಡನ ಕೈಹಿಡಿದು ಕುಲುಕುತ್ತ) ತಮ್ಮಾ, ಹತ್ತೊಂಬತ್ತು ವರ್ಷದಿಂದ ಅಳಿಯ ಆಗಿದೀನಿ. ನನ್ನ ಕೈಲಾಗಲಿಲ್ಲ ನೋಡು.

ಹೆಂಡತಿ: ಭಾವ!

ಷಡ್ಡಕ: ಅಯ್ಯೋ, ಬೇಜಾರು ಮಾಡ್ಕೊಂಡು ಹೇಳ್ದೆ ಕಣಮ್ಮ. ಈಗೆಲ್ಲಿದಾರೆ ಅವರು?

ಹೆಂಡತಿ: ಕರ್ಕೊಂಡು ಬಂದೆ. ಹಿಂದೆ ನಿಮ್ಮನೆಗೆ ಹೋಗಿರ್ತಾರೆ, ಅಕ್ಕನ ಹತ್ರ. ಇದು ಇತ್ಯರ್ಥ ಆಗದೆ ಅವರು ನಮ್ಮನೆ ಹೊಸ್ತಿಲು ತುಳಿಯೋದು ಅನುಮಾನ. ಬಟ್ಟೆ ಬರೆ ಚೀಲಕ್ಕೆ ತುಂಬಿ ಇಟ್ಟಾಗಿದೆ.

ಗಂಡನಿಗೆ ಸಂಕಟವಾದದ್ದು ಸುಳ್ಳಲ್ಲ. ಅತ್ತೆಯ ಮಾತಿಲ್ಲದ ಮನೆ ಅವನಿಗೆ ಲೈಬ್ರರಿಯ ಹಾಗೇ ಕಾಣಿಸತೊಡಗಿತ್ತು. ಕೆಲಸ ಮುಗಿಸಿ ಬಂದರೂ ಕೆಲಸದಲ್ಲೇ ಇದ್ದಂತೆ. ತಾನೇ ಬಾಯಿಬಿಟ್ಟು ‘ಅತ್ತೆ, ಅದು ನಾನಲ್ಲ’ ಎಂದು ಎರಡು ಸಲ ಹೇಳಿ ನೋಡಿದ್ದ. ಅವನ ಪಿಸುದನಿ ಅವರ ಕಿವಿಯವರೆಗೂ ಹೋಗಿರಲಿಲ್ಲ. ಲೈಬ್ರರಿಯಲ್ಲಿ ರೂಢಿಯಾದ ಗಂಟಲು ಮನೆಗೆ ಬಂದ ಮಾತ್ರಕ್ಕೆ ತೆರೆದೀತೆ?

ಗಂಡ: ತಪ್ಪು ತಿಳ್ಕೊಂಡಿರೋದು ಅವರು. ಅದಕ್ಕೆ ಕಾರಿಗೆ ಹಾಕಿಸಿದ ವಾಲ್ವ್ ಏನು ಮಾಡುತ್ತೆ?

ಹೆಂಡತಿ: ವಾಲ್ವ್ ಅಂತ ನನ್ನ ಮುಂದೆ ಹೇಳ್ಬೇಡಿ. ಆ ಪದ ಕೇಳಿ ನಾನು ಎಷ್ಟು ಅತ್ತಿದೀನಿ ಗೊತ್ತಾ?

ಗಂಡ: ಅಳೋದ್ಯಾಕೆ?

ಹೆಂಡತಿ: ಬಚ್ಚಲಮನೆಯಲ್ಲಿ ನಿಂತು ಭಾವನ ಜೊತೆ ಫೋನಲ್ಲಿ ಏನಂದ್ರಿ? ‘ವಾಲ್ವ್ ಬದಲಾಯಿಸ್ಲೇಬೇಕು ಅಣ್ಣ, ತಡ್ಕೊಳ್ಳೋಕಾಗ್ತಿಲ್ಲ, ಮನೇಲಿ ಹೇಳ್ಬೇಡಿ, ಹೆದರ್ಕೊಳ್ತಾಳೆ’ ಅಂದ್ರಿ. ಹೃದಯದ್ದು ಅಂದ್ಕೊಂಡೆ ನಾನು!

ಗಂಡ: ಹೃದಯದ ವಾಲ್ವ್ ಬದಲಾಯಿಸೋಕೆ ಗ್ಯಾರೇಜಿಗೆ ಫೋನ್ ಮಾಡ್ತಾರಾ?

ಹೆಂಡತಿ: ಭಾವನಿಗೆ ಡಾಕ್ಟ್ರು ಯಾರಾದ್ರೂ ಗೊತ್ತಿರ್ಬೇಕು ಅಂದ್ಕೊಂಡೆ. ಅವತ್ತಿಂದ ನಿಮ್ಮ ತಟ್ಟೆಗೆ ಉಪ್ಪಿಲ್ದೇ ಬಡಿಸಿದೆ.

ಗಂಡ: ಅದಕ್ಕೇನಾ! ನಿನ್ನ ಕೈರುಚಿ ಕೆಟ್ಟೋಯ್ತು ಅಂದ್ಕೊಂಡು ನಾನು ಒಂದು ಮಾತೂ ಆಡದೆ ನುಂಗಿದೆ.

ಹೆಂಡತಿ: ನೋಡಿ, ಗಂಡನಿಗೆ ತಿನ್ನೋಕೂ ಆಗ್ತಿಲ್ಲ, ಗಂಟಲಲ್ಲಿ ಇಳೀತಿಲ್ಲ ಅಂತ ನಾನು ಇನ್ನಷ್ಟು ಅತ್ತೆ.

ಷಡ್ಡಕ: (ಕಣ್ಣೊರೆಸಿಕೊಂಡು) ಎಂಥಾ ಅನ್ಯೋನ್ಯ ಸಂಸಾರ ಕಣ್ರಪ್ಪಾ.

ಹೆಂಡತಿ: ನೀವು ಬೇರೆ ಶುರು ಮಾಡ್ಬೇಡಿ ಭಾವ. ಅಷ್ಟಕ್ಕೂ ಆ ದರಿದ್ರದ್ದು ಏನು ಮಾಡುತ್ತೆ ಅಂತ ನನಗೊಂದ್ಸಲ ಬಿಡಿಸಿ ಹೇಳಿ.

ಷಡ್ಡಕ ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಸ್ಪ್ಯಾನರನ್ನು ಜೇಬಿಗಿಳಿಸಿ, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ತಂದು, ಭಾಷಣಕಾರನ ಹಾಗೆ ಕಾಲು ಅಗಲಿಸಿ ನಿಂತ.

ಷಡ್ಡಕ: ಟರ್ಬೊ ಅಂದ್ರೆ ಏನು? ಗಾಳೀನ ಹಿಸುಕಿ ಹಿಸುಕಿ ಎಂಜಿನ್ ಬಾಯಿಗೆ ತುರುಕೋ ಫ್ಯಾನು. ಆಕ್ಸಿಲರೇಟರ್ ಒತ್ತಿರೋವರೆಗೂ ಎಂಜಿನ್ ತಿಂತಾ ಇರುತ್ತೆ. ಪಟ್ ಅಂತ ಕಾಲು ತೆಗೆದ್ರೆ ಎಂಜಿನ್ ಬಾಯಿ ಮುಚ್ಕೊಳ್ಳುತ್ತೆ. ಆಗ ತುರುಕಿದ ಗಾಳಿ ಎಲ್ಲಿಗೆ ಹೋಗ್ಬೇಕು?

ಹೆಂಡತಿ: ನನ್ನನ್ನ ಕೇಳ್ತೀರಲ್ಲ ಭಾವ.

ಷಡ್ಡಕ: ಸರಿ, ಹೀಗೆ ತಗೋ. ಅತ್ತೆಮ್ಮನ್ನೇ ಟರ್ಬೊ ಅಂದ್ಕೋ.

ಗಂಡ: ಅಣ್ಣಾ, ಬೇಡ.

ಷಡ್ಡಕ: ಇರೋ ಮಾರಾಯ, ಅರ್ಥ ಆಗ್ಲಿ. ಒಳಗೆ ಮಾತು ಫುಲ್ ಒತ್ತಡದಲ್ಲಿ ತುಂಬಿದೆ. ಭರ್ರ್ ಅಂತ ಬರ್ತಾ ಇದೆ. ಎದುರಿಗಿರೋರು ಕಿವಿ ಮುಚ್ಕೊಂಡ್ರು. ಆ ಮಾತೆಲ್ಲ ಏನಾಗುತ್ತೆ? ವಾಪಸ್ ಹೋಗಿ ಅವರ ತಲೆಗೇ ಬಡಿಯುತ್ತೆ. ತಲೆ ಕೆಡುತ್ತೆ. ಹಾಗಾಗ್ಬಾರ್ದು ಅಂತ ತಲೆಗೊಂದು ಕಿಂಡಿ ಕೊರೆದು, ಒತ್ತಡ ಜಾಸ್ತಿ ಆದಾಗ ‘ಶ್‌ಶ್’ ಅಂತ ಹೊರಗೆ ಬಿಡೋ ಹಾಗೆ ಮಾಡಿದ್ರೆ ಹೇಗಿರುತ್ತೆ? ಅದೇ ಡಂಪ್ ವಾಲ್ವ್!

ಹೆಂಡತಿ: ನಮ್ಮಮ್ಮನ ತಲೆಗೆ ಕಿಂಡಿ?

ಷಡ್ಡಕ: ಮಾತಿಗೆ ಹೇಳ್ದೆ.

ಹೆಂಡತಿ: ಹಾಗಾದ್ರೆ ಇದಿಲ್ದಿದ್ರೆ ಟರ್ಬೊ ಕೆಟ್ಟುಹೋಗುತ್ತಾ? ಮೊದಲು ಇರ್ಲಿಲ್ವಲ್ಲ, ಆಗ ಹೇಗೆ ಓಡ್ತಿತ್ತು?

ಷಡ್ಡಕ: ಮೊದಲೂ ಇತ್ತಲ್ಲ. ಕಂಪನಿಯವರೇ ಹಾಕಿರ್ತಾರೆ. ಅದು ಗಾಳೀನ ಹೊರಗೆ ಬಿಡದೆ, ಪೈಪಲ್ಲಿ ತಿರುಗಿಸಿ ವಾಪಸ್ ಒಳಗೇ ಕಳಿಸುತ್ತೆ. ಸದ್ದೇ ಇರಲ್ಲ. ತಮ್ಮನಿಗೆ ಸದ್ದು ಬೇಕು ಅಂತ ನಾನು ಇದನ್ನ—

ಅಲ್ಲಿಗೆ ಅವನ ನಾಲಿಗೆ ನಿಂತಿತು. ಗಂಡ ಹೆಂಡತಿಯ ಹಿಂದಿನಿಂದ ಕಣ್ಣಲ್ಲಿ, ಹುಬ್ಬಲ್ಲಿ, ಕೊನೆಗೆ ಕಿವಿಯಲ್ಲೂ ಸನ್ನೆ ಮಾಡುತ್ತಿದ್ದದ್ದು ಷಡ್ಡಕನಿಗೆ ಕಂಡಿದ್ದು ಆಮೇಲೆ.

ಹೆಂಡತಿ: (ನಿಧಾನವಾಗಿ) ಅಂದ್ರೆ, ಸದ್ದು ಮಾಡದೇ ಇರೋದು ಇತ್ತು.

ಗಂಡ: ಇತ್ತು.

ಹೆಂಡತಿ: ಚೆನ್ನಾಗೇ ಇತ್ತು.

ಗಂಡ: ಹ್ಞೂಂ.

ಹೆಂಡತಿ: ಅದನ್ನ ಕಿತ್ತುಹಾಕಿ, ನಮ್ಮಮ್ಮನಿಗೆ ‘ಶ್‌ಶ್’ ಅನ್ನೋದನ್ನ ಹುಡುಕಿ ಹಾಕಿಸಿದ್ರಿ.

ಗಂಡ: ಅಮ್ಮನಿಗಲ್ಲ ಕಣೇ. ನನಗೆ.

ಹೆಂಡತಿ: ನಿಮಗೆ ಏನು?

ಗಂಡ: ಹೇಗೆ ಹೇಳ್ಲಿ? ಲೈಬ್ರರಿಯಲ್ಲಿ ನಾನು ಕೆಮ್ಮಿದ್ರೂ ಜನ ತಿರುಗಿ ನೋಡ್ತಾರೆ. ಮನೆಗೆ ಬಂದ್ರೆ ನೀನು, ಅತ್ತೆ, ಟಿವಿ. ಮೂರರ ಮಧ್ಯೆ ನನ್ನ ಮಾತು ಹೊರಗೆ ಬರೋಷ್ಟ್ರಲ್ಲಿ ವಿಷಯವೇ ಬದಲಾಗಿರುತ್ತೆ. ಒಂದಿನ ಸಿಗ್ನಲ್‌ನಲ್ಲಿ ಪಕ್ಕ ಒಂದು ಕಾರು ಬಂದು ‘ಶ್‌ಶ್’ ಅಂತ ಉಸಿರು ಬಿಡ್ತು. ರಸ್ತೆಯವರೆಲ್ಲ ತಿರುಗಿ ನೋಡಿದ್ರು. ಸ್ಟಿಯರಿಂಗ್ ಹಿಡ್ಕೊಂಡೋನು ಬಾಯೇ ತೆಗೀಲಿಲ್ಲ, ಆದ್ರೂ ಎಲ್ಲರಿಗೂ ಕೇಳಿಸ್ತು. ನನ್ನದೂ ಅಂತ ಒಂದು ಸದ್ದಿರಲಿ ಅನ್ನಿಸ್ತು. ಅಷ್ಟೆ.

ಷಡ್ಡಕ ಮತ್ತೆ ಕಣ್ಣೊರೆಸಿಕೊಂಡ, ಈ ಸಲ ಗ್ರೀಸಿನ ಬಟ್ಟೆಯಲ್ಲಿ. ಅಂಥ ಮೃದುವಾದ ಗಳಿಗೆಯಲ್ಲಿ ಮೇಲಿನಿಂದ ಒಂದು ಚಪ್ಪಲಿ ಬಂದು ಅವನ ಬೋಳುತಲೆಯ ಮೇಲೆ ತಪ್ಪನೆ ಬಿತ್ತು.

ಷಡ್ಡಕ: ಇದ್ಯಾವ ಪಾರ್ಟು?

ಗಂಡ: ಅದು ಅತ್ತೆಯ ಚಪ್ಪಲಿ ಅಲ್ವಾ?

ಮೂವರೂ ಕತ್ತೆತ್ತಿದರು. ಕಾರಿನ ಹಿಂಬಾಗಿಲು ಅರ್ಧ ತೆರೆದಿತ್ತು. ಅದರೊಳಗಿನಿಂದ ಒಂದು ಬರಿಗಾಲು ಹೊರಗೆ ಚಾಚಿಕೊಂಡು, ಗಾಳಿಯಲ್ಲಿ ಆಚೀಚೆ ನೆಲ ಹುಡುಕುತ್ತಿತ್ತು.

ನಡೆದದ್ದು ಇಷ್ಟು. ಬರುವ ದಾರಿಯಲ್ಲಿ ಅತ್ತೆ ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಮಲಗಿ ನಿದ್ದೆಹೋಗಿದ್ದರು. ಗಂಡಹೆಂಡಿರು ಜಗಳವಾಡುತ್ತ ಎರಡು ಬಾಗಿಲಿನಿಂದ ಇಳಿದುಹೋದರು. ಷಡ್ಡಕ ಹಿಂದೆ ತಿರುಗಿ ನೋಡದೆ ಕಾರನ್ನು ಲಿಫ್ಟಿಗೆ ತಂದು ಗುಂಡಿ ಒತ್ತಿದ. ಕೆಳಗಿನ ಗದ್ದಲಕ್ಕೆ ಎಚ್ಚರವಾದ ಅತ್ತೆ ಈಗ ಇಳಿಯಲು ಹೊರಟಿದ್ದರು.

ಹೆಂಡತಿ: ಅಯ್ಯೋ ಅಮ್ಮಾ! ಭಾವ, ಹತ್ತಿಸೋ ಮುಂಚೆ ಒಳಗೆ ನೋಡ್ಬಾರ್ದಾ?

ಷಡ್ಡಕ: ಇಳಿಯೋ ಮುಂಚೆ ನೀನು ನೋಡ್ಬಾರ್ದಾ? ಗಾಡಿ ಕೊಡೋರು ಸಾಮಾನೆಲ್ಲ ತಗೊಂಡು ಕೊಡ್ಬೇಕಪ್ಪ.

ಹೆಂಡತಿ: ನಮ್ಮಮ್ಮ ಸಾಮಾನಾ?

ಷಡ್ಡಕ: ಹಾಗಲ್ಲ ಕಣಮ್ಮ, ಪದ್ಧತಿ ಹೇಳ್ದೆ.

ಅವರಿಬ್ಬರು ಪದ್ಧತಿ ಇತ್ಯರ್ಥ ಮಾಡುತ್ತಿರುವಾಗ ಎರಡನೇ ಕಾಲೂ ಹೊರಗೆ ಬಂತು. ಗಂಡ ಅದನ್ನು ನೋಡಿದ. ಏನಾಯಿತೆಂದು ಅವನಿಗೇ ತಿಳಿಯಲಿಲ್ಲ. ಹೊಟ್ಟೆಯ ತಳದಿಂದ ಏನೋ ಎದ್ದು ಬಂದು ಗಂಟಲಿನ ಕದವನ್ನು ಒದ್ದು ತೆರೆಯಿತು.

ಗಂಡ: ಅತ್ತೇ! ಕಾಲು ಒಳಗೆ ತಗೊಳ್ಳೀ! ಬಾಗಿಲು ಹಾಕೀ!

ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರುಗಳು ಕಿಣಿಕಿಣಿ ಎಂದವು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನೊಬ್ಬ ತನಗೇ ಹೇಳಿದರೆಂದುಕೊಂಡು ಕಾಲು ಮೇಲೆತ್ತಿಕೊಂಡ. ಅತ್ತೆಯ ಎರಡೂ ಕಾಲು ಸರಕ್ಕನೆ ಒಳಗೆ ಹೋಗಿ ಬಾಗಿಲು ದಢಾರನೆ ಮುಚ್ಚಿತು.

ಹೆಂಡತಿ: ರೀ... ಅದು ನೀವಾ?

ಗಂಡ: ನಾನೇ ಅನ್ಸುತ್ತೆ.

ಷಡ್ಡಕ ಲಿಫ್ಟಿನ ಗುಂಡಿಯತ್ತ ಓಡಿದ. ಅಷ್ಟರಲ್ಲಿ ಮೇಲೆ ಕಿಟಕಿಯ ಗಾಜು ಇಳಿಯಿತು. ಅತ್ತೆಯ ಮುಖ ಕಾಣಿಸಿತು. ಬೇಡ, ಎಂದು ಕೈಯಾಡಿಸಿದರು. ತುಟಿಯ ಮೇಲೆ ಬೆರಳಿಟ್ಟು ಚಿಕ್ಕ ಅಳಿಯನನ್ನು ತೋರಿಸಿದರು. ಆಮೇಲೆ ಹೊರಗೆ ಕೈಚಾಚಿ ಕಾರಿನ ಬಾಗಿಲನ್ನು ತಟ್ಟಿದರು. ಆಮೇಲೆ ಎರಡೂ ಅಂಗೈ ಬಿಚ್ಚಿದರು.

ಷಡ್ಡಕ: ಏನಂತಾರೆ?

ಹೆಂಡತಿ: ‘ಶ್‌ಶ್ ಅಂದದ್ದು ಅಳಿಯನೋ ಕಾರೋ’ ಅಂತ. ಭಾವ, ಅಮ್ಮ ಎಲ್ಲಾ ಕೇಳಿಸ್ಕೊಂಡಿದಾರೆ.

ಷಡ್ಡಕ: ಎಲ್ಲಾ ಅಂದ್ರೆ... ಕಿಂಡಿ?

ಅತ್ತೆ ಮೇಲಿನಿಂದಲೇ ತಮ್ಮ ನೆತ್ತಿಗೆ ಬೆರಳು ಚುಚ್ಚಿ, ಡ್ರಿಲ್ಲಿನ ಹಾಗೆ ತಿರುಗಿಸಿ ತೋರಿಸಿದರು. ಷಡ್ಡಕ ಕಂಬದ ಹಿಂದೆ ಸರಿದ.

ಗಂಡ: (ಇನ್ನೂ ಅದೇ ಹೊಸ ಗಂಟಲಲ್ಲಿ) ಅತ್ತೇ, ನಾನಲ್ಲ! ಬೇಕಾದ್ರೆ ನೀವೇ ನೋಡಿ! ಕೀ ಅಲ್ಲೇ ಇದೆ!

ಅತ್ತೆ ಪ್ರಾಯದಲ್ಲಿ ಶಾಲೆಯ ವ್ಯಾನು ಓಡಿಸಿದವರು. ಕಿರಿಚಾಡುವ ಮಕ್ಕಳ ಮೇಲೆ ದನಿಯೆತ್ತಿ ಎತ್ತಿಯೇ ಆ ಮಾತಿನ ಹೊಳೆ ಅವರಿಗೆ ಬಂದದ್ದು. ಎರಡು ಸೀಟುಗಳ ನಡುವೆ ಅವರು ತೂರಿ ಮುಂದಕ್ಕೆ ಬರುವಾಗ ಕಾರು ದೋಣಿಯ ಹಾಗೆ ತೂಗಿತು. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಅತ್ತೆ ಸ್ಟಿಯರಿಂಗಿನ ಮುಂದೆ ನೆಟ್ಟಗೆ ಕೂತು, ಗೇರು ಅಲ್ಲಾಡಿಸಿ ನ್ಯೂಟ್ರಲ್ಲಿನಲ್ಲಿದೆಯೆಂದು ಖಾತ್ರಿ ಮಾಡಿಕೊಂಡು, ಕಿಟಕಿಯಿಂದ ಕೆಳಗೆ ಇನ್ನೊಂದು ಸನ್ನೆ ಮಾಡಿದರು.

ಹೆಂಡತಿ: ರೀ, ನಿಮ್ಮ ಬಾಯಿ ಮುಚ್ಚಿಸ್ಬೇಕಂತೆ. ಗಟ್ಟಿಯಾಗಿ.

ಷಡ್ಡಕನಿಗೆ ಅತ್ತೆಯ ಕೃಪೆ ಗಳಿಸಲು ಸಿಕ್ಕಿದ ಒಂದೇ ಅವಕಾಶ ಅದು. ಕಂಬದ ಹಿಂದಿನಿಂದ ಹಾರಿಬಂದು, ಗ್ರೀಸು ಮೆತ್ತಿದ ಅಂಗೈಯನ್ನು ಗಂಡನ ಬಾಯಿಗೆ ಒತ್ತಿ ಹಿಡಿದ. ಮೇಲೆ ಎಂಜಿನ್ ಗುರ್ರೆಂದಿತು. ಗುರುಗುಟ್ಟಿ ಗುರುಗುಟ್ಟಿ ಏರಿತು. ಅತ್ತೆ ಕಾಲು ತೆಗೆದರು.

‘ಶ್‌ಶ್‌ಶ್!’

ಅತ್ತೆ ಕಿಟಕಿಯಿಂದ ಬಗ್ಗಿ ಅಳಿಯನ ಬಾಯಿ ನೋಡಿದರು. ಮುಚ್ಚಿತ್ತು. ಮತ್ತೊಮ್ಮೆ ಒತ್ತಿ ಬಿಟ್ಟರು.

‘ಶ್‌ಶ್‌ಶ್!’

ಎಂಜಿನ್ ಆರಿತು.

ಅತ್ತೆ: ಹಂಗಾದ್ರೆ ಇಷ್ಟು ದಿನ ನಾನು ಸುಮ್‌ಸುಮ್ನೆ ಸುಮ್ನಿದ್ನಾ?

ಹೆಂಡತಿ: ಅಮ್ಮಾ! ಮಾತಾಡಿದ್ರಿ!

ಅತ್ತೆ: ಇಳಿಸ್ರೀ ಮೊದಲು ನನ್ನ. ದೊಡ್ಡ ಅಳಿಯಂದ್ರೆ, ಎಲ್ಲಿ ಅವಿತ್ಕೊಂಡ್ರಿ? ನನ್ನ ತಲೆಗೆ ಕಿಂಡಿ ಕೊರೆಯೋರು ನೀವೇನಾ? ಬರ್ತೀನಿ ಇರಿ, ಯಾವ ಸೈಜಿಂದು ಅಂತ ಅಳತೆ ಕೊಡ್ತೀನಿ.

ಷಡ್ಡಕ: ಅತ್ತೆ, ಅದು ಉದಾಹರಣೆಗೆ...

ಅತ್ತೆ: ಉದಾಹರಣೆಗೆ ನಿಮ್ಮ ತಲೆ ಇರ್ಲಿಲ್ವಾ? ಕೂದಲಿನ ಅಡ್ಡಿಯೂ ಇಲ್ಲ ಅದಕ್ಕೆ.

ಲಿಫ್ಟು ಇಳಿಯಿತು. ಅದು ಇಳಿಯುವಷ್ಟು ಹೊತ್ತೂ ಅತ್ತೆ ಮಾತಾಡಿದರು. ನೆಲ ಮುಟ್ಟುವಷ್ಟರಲ್ಲಿ ದೊಡ್ಡ ಅಳಿಯನ ಹತ್ತೊಂಬತ್ತು ವರ್ಷದ ಲೋಪಗಳು ಮದುವೆಯ ದಿನದಿಂದ ಹಿಡಿದು ಒಂದೂ ಬಿಡದೆ ಹೊರಬಿದ್ದಿದ್ದವು. ಕಾರಿನಿಂದ ಇಳಿದವರೇ ಚಿಕ್ಕ ಅಳಿಯನ ಮುಂದೆ ನಿಂತರು. ಅವನ ಬಾಯಿಯ ಸುತ್ತ ಷಡ್ಡಕನ ಐದು ಬೆರಳೂ ಕಪ್ಪಗೆ ಮೂಡಿದ್ದವು.

ಅತ್ತೆ: ಅಳಿಯಂದ್ರೆ, ‘ಕಾಲು ಒಳಗೆ’ ಅಂತ ಕೂಗಿದ್ದು ನೀವೇ ತಾನೆ?

ಗಂಡ: ಹೌದತ್ತೆ. ತಪ್ಪಾಯ್ತು.

ಅತ್ತೆ: ತಪ್ಪೇನು ಬಂತು? ಆ ಗಂಟಲು ನನಗಿದ್ದಿದ್ರೆ ವ್ಯಾನಲ್ಲಿ ಇನ್ನೂ ಎರಡು ಬೆಂಚು ಮಕ್ಕಳನ್ನ ಕೂರಿಸ್ಬಹುದಿತ್ತು.

ಗಂಡನಿಗೆ ಎದೆ ಹಗುರಾಯಿತು. ಒಳಗೆ ಎಷ್ಟೋ ಕಾಲದಿಂದ ಕಟ್ಟಿಕೊಂಡಿದ್ದೊಂದು ಆಚೆ ಹೋದ ಹಾಗೆ. ಹೆಂಡತಿ ಅವನನ್ನೇ ನೋಡುತ್ತಿದ್ದಳು, ಎಂದೋ ಕೊಂಡು ಮರೆತಿದ್ದ ಸೀರೆ ಪೆಟ್ಟಿಗೆಯಲ್ಲಿ ಸಿಕ್ಕಿದವಳಂತೆ.

ಗಂಡ: ಬಿಚ್ಚಿಬಿಡಿ ಅಣ್ಣ. ಹಳೇದನ್ನೇ ಹಾಕಿ.

ಷಡ್ಡಕ: ನಿಜವಾಗ್ಲೂ? ಎಷ್ಟು ಚೆನ್ನಾಗಿ ಕೂತಿತ್ತು ತಮ್ಮಾ!

ಅತ್ತೆ: ಬಿಚ್ಚಿ ಅಂದ್ರಲ್ಲ?

ಷಡ್ಡಕ: ಬಿಚ್ಚಿದೆ ಅತ್ತೆ, ಬಿಚ್ಚಿದೆ.

ಸಂಜೆಯ ಹೊತ್ತಿಗೆ ಮೂವರೂ ಮನೆಯ ದಾರಿ ಹಿಡಿದಿದ್ದರು. ಹಳೆಯ ವಾಲ್ವು ಹಳೆಯ ಜಾಗದಲ್ಲಿ ಕೂತು, ಗಾಳಿಯನ್ನು ಸದ್ದಿಲ್ಲದೆ ಒಳಗಿಂದೊಳಗೇ ಸುತ್ತಿಸುತ್ತಿತ್ತು. ಹೊಸದು ಬಟ್ಟೆಯಲ್ಲಿ ಸುತ್ತಿಕೊಂಡು ಡಿಕ್ಕಿಯಲ್ಲಿ ಮಲಗಿತ್ತು. ಸಿಗ್ನಲ್ ಬಂತು, ಕಾರು ಸುಮ್ಮನಿತ್ತು. ಉಬ್ಬು ಬಂತು, ಸುಮ್ಮನಿತ್ತು. ಅತ್ತೆ ಹಿಂದಿನ ಸೀಟಿನಲ್ಲಿ ಆ ನಾದಿನಿಯ ಮೊಣಕಾಲನ್ನು ಮತ್ತೆ ಮೊದಲಿನಿಂದ ಶುರುಮಾಡಿದರು. ಮುಂದಿನ ಸಿಗ್ನಲ್ ಬಳಿ ಅಭ್ಯಾಸಬಲದಿಂದ ಒಮ್ಮೆ ನಿಲ್ಲಿಸಿ ಕಾದರು. ಏನೂ ಬರಲಿಲ್ಲ. ಮುಂದುವರಿಸಿದರು.

ಅತ್ತೆ: ಕತ್ತರಿಸಿ ಒಳಗೆ ನೋಡ್ತಾರೆ, ಮೂಳೆ ಎಲ್ಲಾ ಸವೆದುಹೋಗಿದೆಯಂತೆ.

ಹೆಂಡತಿ: (ಫೋನು ನೋಡುತ್ತ) ಹ್ಞೂಂ.

ಅತ್ತೆ: ಡಾಕ್ಟ್ರು ಇಂಥಾ ಮೂಳೆ ನೋಡೇ ಇಲ್ಲ ಅಂದ್ರಂತೆ.

ಗಂಡ: (ಮುಂದಿನ ಬಸ್ಸನ್ನು ನೋಡುತ್ತ) ಹೌದಾ ಅತ್ತೆ.

ಅತ್ತೆ ಸ್ವಲ್ಪ ಹೊತ್ತು ಇಬ್ಬರ ಬೆನ್ನನ್ನೂ ದಿಟ್ಟಿಸಿದರು.

ಅತ್ತೆ: ಆಮೇಲೆ ಮೊಣಕಾಲ ಒಳಗಿಂದ ಒಂದು ರೈಲು ಹೊರಗೆ ಬಂತು.

ಹೆಂಡತಿ: ಹ್ಞೂಂ.

ಅತ್ತೆ: ಎಂಟು ಡಬ್ಬಿ. ಎಲ್ಲಾದ್ರಲ್ಲೂ ಜನ.

ಗಂಡ: ಪಾಪ. ಈಗ ಹುಷಾರಾಗಿದಾರಾ?

ಅತ್ತೆ: ಗಾಡಿ ನಿಲ್ಲಿಸಿ ಅಳಿಯಂದ್ರೆ.

ಗಂಡ ಗಾಬರಿಯಾಗಿ ಕಾರನ್ನು ಪಕ್ಕಕ್ಕೆ ತಂದ.

ಗಂಡ: ಏನಾಯ್ತತ್ತೆ?

ಅತ್ತೆ: ವಾಪಸ್ ತಿರುಗಿಸಿ. ದೊಡ್ಡ ಅಳಿಯಂದ್ರು ಗ್ಯಾರೇಜ್ ಮುಚ್ಚೋಷ್ಟ್ರಲ್ಲಿ ಹೋಗಿ ಆ ವಾಲ್ವ್ ಮತ್ತೆ ಹಾಕಿಸ್ಬೇಕು.

ಹೆಂಡತಿ: ಅಮ್ಮಾ! ಅದು ನಿಮಗೆ ‘ಶ್‌ಶ್’ ಅಂತ ಅನ್ನುತ್ತೆ!

ಅತ್ತೆ: ಅನ್ಲಿ ಬಿಡೇ. ಕೇಳಿಸ್ಕೊಳ್ದೇ ಇರೋರು ಯಾರಾದ್ರೂ ‘ಶ್‌ಶ್’ ಅಂತಾರಾ?